ಬರಗೇರಮ್ಮನ ಮೆಣಸಿನ ಸಾರು

ತಾಳ್ಯದ ಪಕ್ಕದ ನಮ್ಮೂರಲ್ಲಿ ಬರಗೇರಮ್ಮನ ಅಡುಗೆಮನೆಗೆ ಹೋಗಿ ಸೀನದೆ ಹೊರಗೆ ಬಂದವರಿಲ್ಲ. ಕರಿಮೆಣಸು, ಬೆಳ್ಳುಳ್ಳಿ, ಒಣಶುಂಠಿ, ಓಂಕಾಳು, ಅರಿಶಿನ ಎಲ್ಲ ಸೇರಿಸಿ ಅರೆದ ಖಾರವನ್ನು ಮಳೆಗಾಲ ಪೂರ್ತಿ ಮನೆಯವರ ಸಾರಿಗೂ ಹಾಕುತ್ತಾಳೆ, ಬೆಲ್ಲ ಬೆರೆಸಿ ಬಿದಿರಿನ ಗೊಟ್ಟದಲ್ಲಿ ಕುರಿಗಳ ಗಂಟಲಿಗೂ ಹೊಯ್ಯುತ್ತಾಳೆ. "ನಮ್ಮನ್ಯಾಗೆ ಯಾರಿಗೂ ಕಾಯಿಲೆ ಬರಲ್ಲ" ಎನ್ನುವ ಜಂಬ ಬೇರೆ. ಅದನ್ನು ಕೇಳಿದರೆ ಪಕ್ಕದ ಮನೆಯ ನನಗೆ ಮೈ ಉರಿಯುತ್ತಿತ್ತು. ಆದರೂ ನೆಗಡಿಯಾದರೆ ಲೋಟ ಹಿಡಿದು ಅವಳ ಬಾಗಿಲಿಗೇ ಹೋಗುತ್ತಿದ್ದೆ.

ಕಳೆದ ಶ್ರಾವಣದಲ್ಲಿ ಅವಳ ಗಂಡ ಬೀರಪ್ಪ ಜ್ವರ ಬಂದು ಮಲಗಿದ. ಮೂರು ಹೊತ್ತೂ ಮೆಣಸಿನ ಸಾರು ಕುಡಿಸಿದಳು. ಎರಡನೇ ದಿನ ಅವನು ಮುದ್ದೆ ಮುಟ್ಟಲಿಲ್ಲ. ಮೂರನೇ ದಿನ ಎದ್ದು ಕೂರಲಾಗಲಿಲ್ಲ. ಮಗ ಬೀರೇಶ ಆಟೊ ತರುತ್ತೇನೆ ಎಂದರೆ ಗದರಿದಳು.

"ನನ್ನ ಖಾರಕ್ಕೆ ಇಳೀದಿರೋ ಜ್ವರ ಐತೇನ್ಲೇ? ಇನ್ನೊಂದು ಲೋಟ ಹೋಗ್ಲಿ, ಸುಮ್ನಿರು."

ನಾಲ್ಕನೇ ದಿನ ಬೆಳಿಗ್ಗೆ ನಾನು ಹೋದಾಗ ಸಾರು ಬೀರಪ್ಪನ ಕಟವಾಯಿಯಿಂದ ಇಳಿದು ದಿಂಬೆಲ್ಲ ಹಳದಿಯಾಗಿತ್ತು. ಒಂದು ಗುಟುಕೂ ಒಳಗೆ ಹೋಗುತ್ತಿರಲಿಲ್ಲ. ಬರಗೇರಮ್ಮ ಮತ್ತೆ ಚಮಚ ಎತ್ತಿದಳು. ಇವನು ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು.

ಸೊಸೆ ದೇವಿಕಾ ಬಂದು ಚಮಚ ಎತ್ತಿದ ಕೈ ಹಿಡಿದಳು. ಅತ್ತೆಗೆ ಒಂದು ದಿನವೂ ಎದುರಾಡಿದವಳಲ್ಲ.

"ಅತ್ತೆ, ಹೋದ ತಿಂಗ್ಳು ಟಗರು ಎರಡು ದಿನ ಮೆಲುಕು ಹಾಕ್ಲಿಲ್ಲ ಅಂತ ಗೊಟ್ಟ ಕೆಳಗಿಟ್ಟು ಡಾಕ್ಟ್ರನ್ನ ಕರೆಸಿದ್ರಿ. ಮಾವಗೆ ನಾಕು ದಿನ ಆತು."

ಬರಗೇರಮ್ಮ ಗಂಡನ ಮುಖ ನೋಡಿದಳು, ನೋಡುತ್ತಲೇ ಇದ್ದಳು. ಚಮಚ ಕೈಜಾರಿತು.

"ಬೀರೇಶಾ, ಆಟೊ ತಗಂಬಾರೋ!"

ಹೊಳಲ್ಕೆರೆ ಆಸ್ಪತ್ರೆಯಲ್ಲಿ ಡೆಂಗಿ ಎಂದರು, ಬಾಟಲಿ ಏರಿಸಿದರು. ಎರಡು ದಿನ ಅವಳು ಅನ್ನ ಮುಟ್ಟದೆ ವಾರ್ಡಿನ ಬಾಗಿಲಲ್ಲೇ ಕೂತಿದ್ದಳು. ಮೂರನೇ ದಿನ ಚೇತರಿಸಿಕೊಂಡ ಬೀರಪ್ಪ ಮೊದಲು ಕೇಳಿದ್ದು ಅವಳ ಸಾರನ್ನೇ. ಖಾರ ಕಮ್ಮಿ ಮಾಡಿ ಕೊಡಿ ಎಂದರು ಡಾಕ್ಟರು.

ಸೊಸೆಯ ಟಗರಿನ ಮಾತನ್ನು ಬೀರಪ್ಪನ ಕಿವಿಗೆ ಹಾಕಿದವಳು ನಾನೇ. ಹೆಂಡತಿ ಲೋಟ ಹಿಡಿದು ಬಂದಾಗ, "ಇನ್ಮೇಲೆ ನನ್ನೂ ಒಂದು ಟಗರು ಅಂತ ತಿಳ್ಕಳೇ" ಎಂದ. ಅವಳು ನಗಲಿಲ್ಲ. ಲೋಟವನ್ನು ನನ್ನ ಕೈಗೆ ಕೊಟ್ಟು, ಅವನ ಕಾಲು ಹಿಡಿದುಕೊಂಡು ಅತ್ತಳು.

ಖಾರ ಅರೆಯುವುದನ್ನೇನೂ ಬಿಟ್ಟಿಲ್ಲ. ಮೊನ್ನೆ ಜ್ವರವೆಂದು ಲೋಟ ಹಿಡಿದು ಹೋದೆ. "ಎಷ್ಟು ದಿನ ಆತು?" ಎಂದಳು. ಎರಡು ಎಂದೆ. ಲೋಟ ಕಿತ್ತುಕೊಂಡು, "ರೇಣುಕಾ, ಆಟೊ ಹತ್ತು ನಡಿ" ಎಂದು ತಾನೂ ಚಪ್ಪಲಿ ಮೆಟ್ಟಿಕೊಂಡಳು.