ಪಲ್ಪರ್ ಮುಸ್ತಫಾ ಅವರ ಮೂರು ಬೆರಳಿನ ಪಾಠ

ಬೆಳಗಿನ ಆರು ಗಂಟೆ. ಮಲ್ಲಂದೂರಿನ ಎಸ್ಟೇಟೊಂದರ ಪಲ್ಪರ್ ಹೌಸಿನಲ್ಲಿ ಗುಲಾಮ್ ಮುಸ್ತಫಾ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಿನ್ನೆ ಸಂಜೆಯೇ ಮುನಿಸಿಕೊಂಡಿದೆ. ಕೊಯ್ದ ಹಣ್ಣು ರಾಶಿ ಬಿದ್ದಿದೆ, ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಚಡಪಡಿಸುತ್ತಿದ್ದಾರೆ. ಮುಸ್ತಫಾ ಅವರಿಗೆ ಮಾತ್ರ ಅವಸರವೇ ಇಲ್ಲ. ಮೊದಲು ಯಂತ್ರ ತಿರುಗಿಸುವ ಬೆಲ್ಟ್ ಕಳಚಿ ಪಕ್ಕಕ್ಕಿಡುತ್ತಾರೆ, ಕೈ ಒಳಗೆ ಹೋಗುವುದು ಆಮೇಲೆಯೇ. ಆ ಬಲಗೈಯಲ್ಲಿ ಮೂರೇ ಬೆರಳು.

ಆಲ್ದೂರಿನಲ್ಲಿ ಪಲ್ಪರ್ ರಿಪೇರಿಯ ಪುಟ್ಟ ವರ್ಕ್‌ಶಾಪ್ ಇಟ್ಟಿರುವ ಇವರಿಗೆ ಈಗ ಅರವತ್ತೊಂದು. ಕೊಯ್ಲಿನ ಕಾಲದಲ್ಲಿ ದಿನಕ್ಕೆ ನಾಲ್ಕು ಎಸ್ಟೇಟ್, ಮೊಬೈಲಿಗೆ ನಲವತ್ತು ಕರೆ. ಲೋಟ ಹಿಡಿದು ಕಾಫಿಯ ಘಮ ಹೊಗಳುವ ನಮ್ಮಂಥವರಿಗೆ ಇವರ ಹೆಸರೇ ಗೊತ್ತಿಲ್ಲ, ಬಿಡಿ.

ಇಪ್ಪತ್ತಾರು ವರ್ಷದ ಹಿಂದೆ ಬೆಲ್ಟ್ ಕಳಚದೆ ಕೈ ಹಾಕಿದ್ದರು. "ಅರ್ಧ ನಿಮಿಷ ಉಳ್ಸಕ್ಕೆ ಹೋಗಿ ಎರಡು ಬೆರಳು ಕೊಟ್ಟೆ" ಎನ್ನುತ್ತಾರೆ. ಗಾಯ ಮಾಯುವವರೆಗೆ ಹೆಂಡತಿ ಸಾಬೀರಾ ಅವರೇ ತುತ್ತು ಮಾಡಿ ಉಣ್ಣಿಸಿದರಂತೆ.

ಕಳೆದ ವರ್ಷ ಚಿಕ್ಕಮಗಳೂರಿನ ತರಬೇತಿ ಕೇಂದ್ರವೊಂದು ಇವರನ್ನು ಹುಡುಕಿಕೊಂಡು ಬಂತು. ಅಲ್ಲಿ ಕಲಿಯುವವರು ಆಗ್ಮೆಂಟೆಡ್ ರಿಯಾಲಿಟಿ ಕನ್ನಡಕ ಹಾಕಿಕೊಂಡು ನಿಜವಾದ ಪಲ್ಪರಿನ ಮುಂದೆ ನಿಲ್ಲುತ್ತಾರೆ. ಯಂತ್ರದ ಮೇಲೆ ಗುರುವಿನ ಕೈ ಮೂಡಿ, ಯಾವ ಬೋಲ್ಟ್ ಮೊದಲು ಬಿಚ್ಚಬೇಕೆಂದು ತೋರಿಸುತ್ತದೆ. ತಪ್ಪಿದರೆ ಕೃತಕ ಬುದ್ಧಿಮತ್ತೆ ಅಲ್ಲೇ ತಡೆಯುತ್ತದೆ. ಆ ಗುರುವಿನ ಕೈ ಮುಸ್ತಫಾ ಅವರದಾಗಬೇಕಿತ್ತು. ಆದರೆ ಕ್ಯಾಮೆರಾ ಮುಂದೆ ಚಾಚಿದಾಗಲೆಲ್ಲ ಪರದೆಯ ಮೇಲೆ ಒಂದೇ ಸಾಲು: ಕೈ ಕಾಣುತ್ತಿಲ್ಲ. ಐದು ಬೆರಳಿನ ಕೈಗಳನ್ನಷ್ಟೇ ನೋಡಿ ಕಲಿತ ಬುದ್ಧಿ ಅದು.

"ಇಷ್ಟು ವರ್ಷ ಅನ್ನ ಕೊಟ್ಟ ಕೈ. ಅದನ್ನ ಕೈನೇ ಅಲ್ಲ ಅಂದ್ರೆ ಹೆಂಗೆ ಮಾರಾಯ್ರೆ?" ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ. ಆಗ ಮೂರು ದಿನ ವರ್ಕ್‌ಶಾಪಿನ ಬಾಗಿಲು ತೆಗೆಯಲಿಲ್ಲವಂತೆ.

ಕೇಂದ್ರದ ಬೋಧಕಿ ಅರುಣಾ ಪಟ್ಟು ಬಿಡಲಿಲ್ಲ. ಆ ಕೈಯ ಸಾವಿರಾರು ಚಿತ್ರ ತೆಗೆದು ಕಂಪ್ಯೂಟರಿಗೆ ಕಲಿಸಿದರು. ಪ್ರೀತಿ ಹೆಚ್ಚಾಗಿ, ಇಲ್ಲದ ಎರಡು ಬೆರಳನ್ನೂ ಬರೆದು ಸೇರಿಸಿಬಿಟ್ಟರು. ಕನ್ನಡಕದೊಳಗೆ ತಮ್ಮ ಇಡೀ ಕೈ ನೋಡುತ್ತ ಮುಸ್ತಫಾ ಬಹಳ ಹೊತ್ತು ನಿಂತರು. ಮರುದಿನ ಸಾಬೀರಾ ಅವರನ್ನೂ ಕರೆತಂದು ತೋರಿಸಿದರು. ಆಕೆ ಆ ಬೆರಳುಗಳನ್ನು ಹಿಡಿಯಲು ಗಾಳಿಯಲ್ಲಿ ಕೈ ಚಾಚಿದರಂತೆ.

ಆಮೇಲೆ ಮುಸ್ತಫಾ ಹೇಳಿದ್ದು ಇಷ್ಟೇ: "ಚೆನ್ನಾಗಿದೆ ಮೇಡಂ. ಆದ್ರೆ ಆ ಎರಡು ಬೆರಳು ತೆಗೆದುಬಿಡಿ. ಇದ್ದ ಹಾಗೇ ತೋರ್ಸಿ, ನೋಡ್ದವ್ರು ಹುಷಾರಾಗಿರ್ತಾರೆ."

ಈ ವರ್ಷ ಹದಿನೆಂಟು ಮಂದಿ ಆ ಮೂರು ಬೆರಳಿನ ಕೈಯಿಂದ ಕಲಿತು ಎಸ್ಟೇಟುಗಳಲ್ಲಿ ಕೆಲಸಕ್ಕೆ ನಿಂತಿದ್ದಾರೆ. ಪ್ರತಿ ಶನಿವಾರ ಮುಸ್ತಫಾ ಅರುಣಾ ಅವರಿಗೆ ಫೋನ್ ಮಾಡುತ್ತಾರೆ. ಕೇಳುವುದು ಒಂದೇ: ಎಲ್ಲರ ಹತ್ತೂ ಬೆರಳು ಇವೆಯಾ?