ಗೂಬೆಯ ಕಣ್ಣಿಗೆ ಟೇಪ್

ಕೋವಿಡ್ ಕಳೆದ ಎರಡನೆಯ ಚಳಿಗಾಲ. ನಾನು ವಾರಾಣಸಿಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಪಕ್ಕದ ನೌಕರರ ಕಾಲೋನಿಯ ಶಿಶುವಿಹಾರದವರು ಒಂದು ಆಟಿಕೆ ತಂದು, ಕೊಳ್ಳಬಹುದೇ ಎಂದು ಅಭಿಪ್ರಾಯ ಬರೆದುಕೊಡಲು ಕೇಳಿದರು. ಹಳದಿ ಪ್ಲಾಸ್ಟಿಕ್ ಗೂಬೆ. ಗುಂಡಿ ಒತ್ತಿದರೆ ಹಾಡುತ್ತಿತ್ತು, ಜೊತೆಗೇ ಅದರ ಕಣ್ಣು ಮಿನುಗುತ್ತಿತ್ತು. ‘ಮಗುವಿನ ಶ್ರವಣಶಕ್ತಿ ಚುರುಕಾಗುತ್ತದೆ, ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದು ಡಬ್ಬಿಯ ಮೇಲೆ ಹಿಂದಿಯಲ್ಲಿ ಅಚ್ಚಾಗಿತ್ತು. ಯಾರು, ಎಲ್ಲಿ, ಎಷ್ಟು ಮಕ್ಕಳ ಮೇಲೆ ಸಾಬೀತು ಮಾಡಿದರೆಂದು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಹುಡುಕಿದೆ. ಎಲ್ಲೂ ಇರಲಿಲ್ಲ. ಇಂಥ ಮಾತು ಕಂಡರೆ ನನಗೆ ಮೈ ಉರಿಯುತ್ತದೆ.

ಆದರೆ ಶಿಶುವಿಹಾರದವರ ಬಳಿ ಒಂದು ಜೀವಂತ ಸಾಕ್ಷಿ ಇತ್ತು: ಏಳು ತಿಂಗಳ ಅನ್ವಿ. ತಾಯಿ ಶೈಲಜಾ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ನೌಕರೆ. ಮನೆಯಲ್ಲಿದ್ದ ಇಂಥದೇ ಗೂಬೆ ಹಾಡಿದ ಕೂಡಲೇ ಮಗು ಅತ್ತ ತಿರುಗುವ ವಿಡಿಯೊ ಕಾಲೋನಿಯ ಎಲ್ಲರ ಮೊಬೈಲಿಗೂ ಹೋಗಿತ್ತು. ಅತ್ತೆ ಗಂಗವ್ವ ಗಂಗೆಯಾಚೆಯ ರಾಮನಗರದ ಬಜಾರಿನಿಂದ ತಂದ ಮರದ ಗಿಲಕಿಯತ್ತ ಮಾತ್ರ ಅದು ಕಣ್ಣೆತ್ತಿಯೂ ನೋಡುತ್ತಿರಲಿಲ್ಲವಂತೆ.

“ಕೂಸಿನ ಮುಂದ ಗೂಗಿ ಇಡ್ತಾರೇನ್ರಿ ಯಾರರೆ?” ಎಂದು ಗಂಗವ್ವ ನನ್ನ ಮುಂದೆಯೇ ಗೊಣಗಿದರು.

ಆರು ಮಕ್ಕಳನ್ನು ಕರೆಸಿದೆ. ನಾವು ‘ಡಿಸ್ಟ್ರ್ಯಾಕ್ಷನ್ ಟೆಸ್ಟ್’ ಎನ್ನುವ ಸರಳ ವಿಧಾನ: ಮಗು ತಾಯಿಯ ತೊಡೆಯ ಮೇಲೆ, ಎದುರಿಗೆ ಗೊಂಬೆ ತೋರಿಸುವ ನರ್ಸ್, ಮಗುವಿಗೆ ಕಾಣದಂತೆ ಹಿಂದೆ ನಿಂತು ನಾನು ಸದ್ದು ಮಾಡಬೇಕು. ಹಾಡು ಬೇರೆ, ಬೆಳಕು ಬೇರೆ ಆಗಲೆಂದು ಗೂಬೆಯ ಕಣ್ಣಿಗೆ ಕಪ್ಪು ಟೇಪ್ ಅಂಟಿಸಿದೆ. ಐದು ಮಕ್ಕಳು ಗೂಬೆಗೂ ತಿರುಗಿದವು, ಗಂಗವ್ವನ ಗಿಲಕಿಗೂ ತಿರುಗಿದವು. ಗೂಬೆಯಲ್ಲಿ ವಿಶೇಷವೇನೂ ಇಲ್ಲ ಎಂಬ ನನ್ನ ವರದಿ ಅಷ್ಟಕ್ಕೇ ಮುಗಿದಂತಿತ್ತು. ಒಳಗೊಳಗೇ ಬೀಗಿದೆ.

ಕೊನೆಯವಳು ಅನ್ವಿ. ಗೂಬೆ ಹಾಡಿತು. ಅವಳು ತಿರುಗಲಿಲ್ಲ. ಗಿಲಕಿ ಆಡಿಸಿದೆ. ಇಲ್ಲ. ಮತ್ತೆ ಮತ್ತೆ ಮಾಡಿದರೂ ಇಲ್ಲ. ಟೇಪ್ ಕಿತ್ತು, ಸದ್ದಿನ ಸ್ವಿಚ್ ಆರಿಸಿ, ಗೂಬೆಯನ್ನು ಅವಳ ಕಡೆಗಣ್ಣಿಗೆ ಕಾಣುವಷ್ಟು ಮುಂದೆ ತಂದೆ. ಕಣ್ಣು ಮಿನುಗಿದ ಕೂಡಲೇ ತಿರುಗಿ ನಕ್ಕಳು.

ಶೈಲಜಾ ಮಗುವನ್ನು ಎದೆಗವಚಿಕೊಂಡಳು. ಆಮೇಲೆ, “ಮೇಡಂ, ಮೂರು ತಿಂಗಳಿದ್ದಾಗ ನಿಮ್ಮನ್ನ ಕೇಳಿದ್ದೆ. ನಮ್ಮ ಅತ್ತಿಯವರಿಗೆ ಅನುಮಾನ ಐತಿ, ಕೂಸಿಗೆ ಕೇಳಸ್ತೈತೋ ಇಲ್ಲೋ ನೋಡ್ರಿ ಅಂದಿದ್ದೆ” ಎಂದಳು.

ನೆನಪಾಯಿತು. ಅಂದು ಲಸಿಕೆಯ ದಿನ, ಹೊರಗೆ ಸಾಲು. ನಾನು ಮಗುವಿನ ಮುಖದ ಮುಂದೆ ಒಂದು ಚಪ್ಪಾಳೆ ತಟ್ಟಿದೆ, ಮಗು ಕಣ್ಣು ಮಿಟುಕಿಸಿತು, ‘ಏನೂ ತೊಂದರೆ ಇಲ್ಲ’ ಎಂದು ಕಳಿಸಿದೆ. ಮಿಟುಕಿಸಿದ್ದು ಅಂಗೈಯ ಗಾಳಿಗೆ, ಕೈಯ ಚಲನೆಗೆ. ಗೂಬೆ ಮಾಡಿದ ಮೋಸವನ್ನೇ ನಾನೂ ಮಾಡಿದ್ದೆ. ಕಂಪನಿಗೆ ಡಬ್ಬಿ ಇತ್ತು, ನನಗೆ ಬಿಳಿ ಕೋಟು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ತಪ್ಪು ನನ್ನದು” ಎಂದೆ. ಶೈಲಜಾ ಪರವಾಗಿಲ್ಲ ಎನ್ನಲಿಲ್ಲ.

ಅದೇ ವಾರ ‘ಬೆರಾ’ ಪರೀಕ್ಷೆ ಮಾಡಿಸಿದೆ. ಮಲಗಿದ ಮಗುವಿನ ತಲೆಗೆ ತಂತಿ ಅಂಟಿಸಿ, ಸದ್ದು ಮಿದುಳಿನವರೆಗೆ ಹೋಗುತ್ತಿದೆಯೇ ಎಂದು ನೋಡುವ ಪರೀಕ್ಷೆ ಅದು. ಎರಡೂ ಕಿವಿಯಲ್ಲಿ ತೀವ್ರ ದೋಷವಿತ್ತು. ಮಾತು ಮೂಡಲು ಮೊದಲ ವರ್ಷದ ಪ್ರತಿ ತಿಂಗಳೂ ಬೇಕು. ಅದರಲ್ಲಿ ನಾಲ್ಕನ್ನು ನಾನು ಕಳೆದಿದ್ದೆ. ಮಗುವಿನ ಕಾರ್ಡಿನಲ್ಲಿ ನನ್ನ ಹಳೆಯ ಷರಾದ ಕೆಳಗೆ ‘ಈ ಪರೀಕ್ಷೆ ಸರಿಯಾಗಿರಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಗೂಬೆಯ ಬಗ್ಗೆ ಶಿಶುವಿಹಾರಕ್ಕೆ ಬರೆದ ವರದಿಗಿಂತ ಆ ಒಂದು ಸಾಲು ಬರೆಯುವುದು ಕಷ್ಟವಾಯಿತು.

ಅನ್ವಿಗೆ ಒಂಬತ್ತು ತಿಂಗಳಾದಾಗ ಶ್ರವಣಯಂತ್ರ ಬಂತು; ನನ್ನ ಕೋಣೆಯಲ್ಲೇ ತೊಡಿಸಿದೆವು. ಶೈಲಜಾ ತಾನಾಗಿಯೇ ಎದ್ದು, ಹಿಂದೆ ನಿಂತವರ ನೆರಳು ಮಗುವಿಗೆ ಕಾಣಬಾರದೆಂದು ಕಿಟಕಿಯ ಪರದೆ ಎಳೆದಳು. ಗಂಗವ್ವ ಹಿಂದೆ ನಿಂತು ಗಿಲಕಿ ಆಡಿಸಿದರು. ತಾಯಿಯ ದುಪಟ್ಟಾ ಚೀಪುತ್ತಿದ್ದ ಅನ್ವಿ ಚೀಪುವುದನ್ನು ನಿಲ್ಲಿಸಿದಳು. ಆಮೇಲೆ ನಿಧಾನವಾಗಿ ಹಿಂತಿರುಗಿ ನೋಡಿದಳು. ಸಾಕು ಎಂದರೂ ಗಂಗವ್ವ ಗಿಲಕಿ ನಿಲ್ಲಿಸಲಿಲ್ಲ.

ಡಬ್ಬಿಯ ಮೇಲಿನ ಮಾತಿಗೆ ಕೇಳುವ ಪ್ರಶ್ನೆಯನ್ನು ನನ್ನ ಮಾತಿಗೂ ಕೇಳಿಕೊಳ್ಳಬೇಕೆಂದು ಕಲಿತದ್ದು ಆ ಚಳಿಗಾಲದಲ್ಲಿ. ಮರುವಾರ ಗಂಗವ್ವ ರಾಮನಗರದಿಂದ ಇನ್ನೊಂದು ಗಿಲಕಿ ತಂದು ನನ್ನ ಮೇಜಿನ ಮೇಲಿಟ್ಟರು.

“ಇದು ನಿಮಗ್ರೀ. ಚಪ್ಪಾಳಿ ಬದ್ಲಿ ಇದನ್ನ ಹಿಡ್ಕೋರಿ.”