ದುರುಗಣ್ಣನ ಎರಡನೇ ತಿಂಗಳ ಸಂಬಳ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಹೊನ್ನಾಳಿಯ ದುರುಗಣ್ಣ ಬದುಕಿದ್ದು ಹಾಗೆಯೇ. ತಮಟೆ ಬಡಿದು ಊರಿಗೆ ಸುದ್ದಿ ಸಾರುವುದು ಅವನ ಮನೆತನದ ಕೆಲಸ. ಅವನು ದನಿ ತೆಗೆದರೆ ಹೊಳೆಯಾಚೆ ಬಟ್ಟೆ ಒಗೆಯುವವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಅವನು ಸಾರಿದ್ದು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

ಮೂವತ್ತರ ದಶಕದ ಮೊದಲಲ್ಲಿ, ಅಂಗಡಿಗೆ ಹೊಸ ಸರಕು ಬಂತೆಂದು ಸಾರಿದರೆ ಕೂಲಿ ಒಂದು ಸೇರು ಜೋಳ. ಇವನು ಹೆಗಲ ಮೇಲಿನ ವಲ್ಲಿಬಟ್ಟೆ ನೆಲಕ್ಕೆ ಹಾಸುತ್ತಿದ್ದ, ಅಂಗಡಿಯವರು ಮೈಲಿಗೆಯಾದೀತೆಂದು ಮೇಲಿನಿಂದ ಸುರಿಯುತ್ತಿದ್ದರು. ಮೂವತ್ತೆಂಟರಲ್ಲಿ ಚಹಾಪುಡಿಯವರು ಗಾಡಿ ಕಟ್ಟಿಕೊಂಡು ಬಂದರು. ಕೂಲಿ ದಿನಕ್ಕೆ ನಾಲ್ಕಾಣೆಗೆ ಏರಿತು, ಬೀಳುವುದು ಮಾತ್ರ ಮೇಲಿನಿಂದಲೇ. ನಲವತ್ತಾರರಲ್ಲಿ ದಾವಣಗೆರೆಯ ಷಣ್ಮುಖಪ್ಪನವರು ಸೋಪು, ಬೀಡಿ, ಟೂರಿಂಗ್ ಟಾಕೀಸುಗಳ ಪ್ರಚಾರದ ಗುತ್ತಿಗೆ ಹಿಡಿದು ಹೊನ್ನಾಳಿಯಲ್ಲಿ ಆಫೀಸು ತೆರೆದರು. ದುರುಗಣ್ಣನಿಗೆ ತಿಂಗಳಿಗೆ ಹದಿನೈದು ರೂಪಾಯಿ ಸಂಬಳ ಗೊತ್ತಾಯಿತು. ಸಂಬಳ! ಅವನ ವಂಶದಲ್ಲಿ ಯಾರಿಗೂ ಇಲ್ಲದ್ದು. ಚನ್ನಗಿರಿ, ನ್ಯಾಮತಿ ಸಂತೆಗಳಲ್ಲೆಲ್ಲ ಅವನು ಎದೆಯುಬ್ಬಿಸಿ ಸಾರಿದ.

ಮೊದಲ ಸಂಬಳದ ದಿನ ಗುಮಾಸ್ತ ಗಿಡ್ಡಪ್ಪ ಹೆಸರು ಕರೆದಾಗ ದುರುಗಣ್ಣ ರೂಢಿಯಂತೆ ತಾನೇ ವಲ್ಲಿ ಹಾಸಿಬಿಟ್ಟ. ರೂಪಾಯಿಗಳು ಮೇಲಿನಿಂದ ಉದುರಿದವು. ಸಂತೋಷದಲ್ಲಿ ಅವನಿಗೆ ಏನೂ ಅನ್ನಿಸಲಿಲ್ಲ. ಹೆಂಡತಿ ಕಾಟಮ್ಮ ಜಗಳೂರು ಕಡೆಯವಳು, ಮಾತು ನೇರ.

"ಗೋಡೆ ಮ್ಯಾಲೆ ಬರೆಯೋರು, ಗಾಡಿ ಹೊಡೆಯೋರು ಅದಾರಲ್ಲ, ಅವರೂ ವಲ್ಲಿ ಹಾಸ್ತಾರೇನು?" ಎಂದು ಕೇಳಿದಳು.

ಆ ದಿನ ದುರುಗಣ್ಣ ಉಣ್ಣಲಿಲ್ಲ. ವಲ್ಲಿ ಹಾಸಿದವನು ತಾನೇ ಎಂಬುದೇ ಅವನನ್ನು ಕಾಡಿತು.

ಎರಡನೇ ತಿಂಗಳು ವಲ್ಲಿಯನ್ನು ಗೂಟಕ್ಕೆ ಹಾಕಿ ಬರಿ ಹೆಗಲಲ್ಲಿ ಹೋದ.

"ವಲ್ಲಿ ಎಲ್ಲೋ?" ಎಂದ ಗಿಡ್ಡಪ್ಪ.

"ತಂದಿಲ್ರೀ. ಕೈ ಐತಲ್ರೀ, ಕೈಗೆ ಕೊಡ್ರಿ."

ಗಿಡ್ಡಪ್ಪ ಹಾವೂ ಸಾಯದಂತೆ, ಕೋಲೂ ಮುರಿಯದಂತೆ ರೂಪಾಯಿಗಳನ್ನು ನೆಲದ ಮೇಲಿಟ್ಟ.

"ಸಂತೆ ಸಂತೆಗೂ ಸಾರಿದ್ದು ನೆಲ ಅಲ್ರೀ, ನಾನು," ಎಂದು ದುರುಗಣ್ಣ ಬರಿಗೈಲಿ ಹೊರಟುಬಿಟ್ಟ.

ಕೆಲಸ ಹೋಯಿತೆಂದೇ ತಿಳಿದ. ಕಾಟಮ್ಮ ಮಾತ್ರ, "ಹೋದ್ರೆ ಹೋಗ್ಲಿ ಬಿಡ್ರಿ, ಸೇರು ಜೋಳ ಎಲ್ಲಿಗೂ ಓಡಿಹೋಗಿಲ್ಲ," ಎಂದಳು.

ಮರುದಿನ ಹೊನ್ನಾಳಿ ಸಂತೆ. ಷಣ್ಮುಖಪ್ಪನವರು ಹೊಸ ಸೋಪು ಮಾರಲು ಗಾಡಿಯ ಮೇಲೆ ಗ್ರಾಮಫೋನ್ ಇಡಿಸಿದರು. ಜನ ಮುತ್ತಿಕೊಂಡು ಹಾಡು ಕೇಳಿದರು, ತಲೆದೂಗಿದರು, ಸೋಪು ಮುಟ್ಟದೆ ನಡೆದರು. "ದುರುಗಣ್ಣ ಸಾರಿಲ್ಲ. ಸೋಪು ಹೆಂಗೈತೋ ಏನೋ," ಎಂದವರೇ ಎಲ್ಲರೂ.

ಮಧ್ಯಾಹ್ನ ಷಣ್ಮುಖಪ್ಪನವರು ಬಿಸಿಲಲ್ಲಿ ಬೆವರುತ್ತ ದುರುಗಣ್ಣನ ಕೇರಿಗೆ ನಡೆದುಬಂದರು. ಅಂಥವರು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು.

"ಕೈ ಚಾಚು, ದುರುಗಣ್ಣ."

ಒಂದೊಂದೇ ರೂಪಾಯಿಯನ್ನು ಅಂಗೈಗೆ ಒತ್ತಿ ಇಟ್ಟರು. ಕೇರಿಗೆ ಕೇರಿಯೇ ನಿಂತು ನೋಡುತ್ತಿತ್ತು. ಅಂದಿನಷ್ಟು ಹೆಮ್ಮೆ ದುರುಗಣ್ಣನಿಗೆ ಮತ್ತೆಂದೂ ಆಗಲಿಲ್ಲ.

ಸಂತೆಗೆ ಹೊರಡಲು ತಮಟೆಯನ್ನು ಬೆಂಕಿಗೆ ಕಾಯಿಸಬೇಕಿತ್ತು. ಅದಕ್ಕೂ ಮೊದಲು ಒಳಗೆ ಹೋಗಿ, ಹದಿನೈದು ರೂಪಾಯಿಯನ್ನೂ ಕಾಟಮ್ಮನ ಅಂಗೈಗೇ ಇಟ್ಟ. ಇಷ್ಟು ವರ್ಷ ತಂದದ್ದನ್ನೆಲ್ಲ ಅವಳು ಹಿಡಿದ ಮೊರಕ್ಕೆ ಅವನೂ ಮೇಲಿನಿಂದಲೇ ಸುರಿಯುತ್ತಿದ್ದ.